ಅಗ್ಗದ ಹತಾರ ಮನೆಗೆ ಬೇಕೇ?

(ಬೆಳ್ಳಿ ಹಬ್ಬದ ಅಂಗವಾಗಿ ಕರೆದಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



 ಸಹಕಾರ ತತ್ವದ ಬಗ್ಗೆ ನಮಗಿಂತ ಚೆನ್ನಾಗಿ ಮಾತಾಡುವ ಹಿರಿಯರು ವೇದಿಕೆ ಮೇಲಿದ್ದಾರೆ. ನಾವು ಆರಿಸಿಕೊಂಡಿರುವುದು ಸುತ್ತಿಗೆ, ಸ್ಪ್ಯಾನರು, ಕಟಿಂಗ್ ಪ್ಲೇಯರಿನ ವಿಷಯ. ಇದೇನು ಬೆಳ್ಳಿ ಹಬ್ಬದಲ್ಲಿ ಕಬ್ಬಿಣದ ಮಾತು ಅಂತ ಯಾರೂ ನಗಬಾರದು. ಅದಕ್ಕೆ ಕಾರಣ ಇದೆ.

ಹಬ್ಬದ ನೆನಪಿಗೆ ಪ್ರತಿ ಸದಸ್ಯರಿಗೂ ಏನಾದರೂ ಕೊಡಬೇಕು ಎಂದು ಮಂಡಳಿಯಲ್ಲಿ ಮಾತು ಬಂದಾಗ, ಸ್ಟೀಲ್ ಪಾತ್ರೆ, ಗೋಡೆ ಗಡಿಯಾರ ಎಲ್ಲ ಹಳೇದಾಯಿತು, ಈ ಸಲ ಒಂದೊಂದು ಹತಾರದ ಪೆಟ್ಟಿಗೆ ಕೊಡೋಣ ಎಂದು ಕೆಲವರು ಸೂಚಿಸಿದರು. ನೂರಕ್ಕೂ ಹೆಚ್ಚು ಸಾಮಾನು ಇರುವ ಪ್ಲಾಸ್ಟಿಕ್ ಪೆಟ್ಟಿಗೆ, ಸಗಟಿಗೆ ತಗೊಂಡರೆ ಬಹಳ ಅಗ್ಗಕ್ಕೆ ಸಿಗ್ತದೆ ಅಂತ ಮಾದರಿಯನ್ನೂ ತಂದು ಮೇಜಿನ ಮೇಲೆ ಇಟ್ಟರು. ನೋಡಲು ಫಳಫಳ ಹೊಳೀತಿತ್ತು. ಸೂಚನೆ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಆದರೆ ಖರ್ಚಾಗುವುದು ಸದಸ್ಯರ ದುಡ್ಡು. ಅಗ್ಗದ ಹತಾರ ಕೊಳ್ಳಬಹುದೇ, ಬಾರದೇ ಎಂಬುದನ್ನು ಎಲ್ಲರೂ ಕೂತು ಯೋಚಿಸಿ ತೀರ್ಮಾನ ಮಾಡಬೇಕು ಎಂದು ಈ ಮಾತು.

ಈಗ ಹತಾರ ಇಲ್ಲದ ಮನೆ ನಮ್ಮ ಊರಿನಲ್ಲಿ ಇಲ್ಲ. ದನ ಮಾರಿದವರ ಕೊಟ್ಟಿಗೆ ಶೆಡ್ಡಾಗಿದೆ. ಅಲ್ಲಿ ಒಂದು ಹಲಗೆ, ಒಂದು ವೈಸು, ಒಂದು ಡಬ್ಬದ ತುಂಬ ನಟ್ಟು ಬೋಲ್ಟು. ಪಂಪ್‌ಸೆಟ್ಟಿನ ಗ್ಲ್ಯಾಂಡು ಬಿಗಿ ಮಾಡುವುದು, ಹನಿ ನೀರಾವರಿಯ ಪೈಪು ಜೋಡಿಸುವುದು, ಔಷಧಿ ಹೊಡೆಯುವ ಸ್ಪ್ರೇಯರು ಬಿಚ್ಚುವುದು, ಬೈಕಿನ ಚೈನು ಎಳೆಯುವುದು ಎಲ್ಲ ಅಲ್ಲೇ. ಇನ್ನು ನಮ್ಮ ಹುಡುಗರಲ್ಲಿ ಎಷ್ಟೋ ಜನ ಬೆಳಿಗ್ಗೆ ಬೈಕಿಗೆ ಚೀಲ ಕಟ್ಟಿಕೊಂಡು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆ ನಲ್ಲಿ ರಿಪೇರಿ, ವೈರಿಂಗು, ಬಾಗಿಲು ಕೆಲಸಕ್ಕೆ ಹೋಗ್ತಾರೆ. ಅವರಿಗೆ ಆ ಚೀಲವೇ ಹೊಲ, ಅದರೊಳಗಿನ ಹತಾರವೇ ನೇಗಿಲು.

ಆ ಬಡಾವಣೆಗಳೂ ಒಂದು ಕಾಲಕ್ಕೆ ನಮ್ಮಂಥ ಹಳ್ಳಿಗಳೇ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ಹಾಕಿದವರು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು. ಬಿ.ಟಿ.ಎಂ. ಎಂಬ ಮೂರು ಅಕ್ಷರ ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರು. ಜೆ.ಪಿ. ನಗರದ ಮಗ್ಗುಲಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿ. ಬನಶಂಕರಿ ಕಡೆ ಕದಿರೇನಹಳ್ಳಿ, ಕತ್ರಿಗುಪ್ಪೆ. ಹಳ್ಳಿ ಅಂದ ಮೇಲೆ ಕಮ್ಮಾರ ಇರ್ತಿದ್ದ, ಬಡಗಿ ಇರ್ತಿದ್ದ. ಕಮ್ಮಾರ ಲಾರಿಯ ಹಳೇ ಪಾಟಾ ತಂದು, ಕಾಸಿ ಬಡಿದು, ಹದ ಕೊಟ್ಟು ಕುಡುಗೋಲು ಮಾಡಿಕೊಡ್ತಿದ್ದ. ಬಾಯಿ ಮಡಿಚಿಕೊಂಡರೆ ಮಾರನೇ ದಿನವೇ ಅವನ ಕುಲುಮೆ ಮುಂದೆ ಹೋಗಿ ನಿಲ್ಲಬಹುದಿತ್ತು. ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆಯುವಾಗ ಲೆಕ್ಕ ಚುಕ್ತಾ. ಗ್ಯಾರಂಟಿ ಕಾರ್ಡು ಅಂತ ಬೇರೆ ಇರಲಿಲ್ಲ, ಆ ಮನುಷ್ಯನೇ ಗ್ಯಾರಂಟಿ. ಈಗ ಮಾಡಿದವನ ಮುಖ ನಾವು ನೋಡುವುದಿಲ್ಲ, ನಮ್ಮ ಮುಖ ಅವನು ನೋಡುವುದಿಲ್ಲ. ಹಾಗಾಗಿ ಕೊಳ್ಳುವವನ ಕಣ್ಣೇ ಈಗ ಗ್ಯಾರಂಟಿ ಆಗಬೇಕು.

ಅಗ್ಗದ ಹತಾರ ಅಗ್ಗ ಹೇಗೆ ಆಗ್ತದೆ? ಇದನ್ನು ಮೊದಲು ತಿಳೀಬೇಕು. ಉಳಿತಾಯ ಮಾಡುವುದು ಮೂರು ಕಡೆ. ಒಂದು, ಉಕ್ಕಿನಲ್ಲಿ. ಒಳ್ಳೆಯ ಸ್ಪ್ಯಾನರಿಗೆ ಕ್ರೋಮ್ ವನಾಡಿಯಂ ಬೆರೆಸಿದ ಉಕ್ಕು ಹಾಕಿ, ಕಾಸಿ ಬಡಿದು ಮಾಡ್ತಾರೆ. ಅಗ್ಗದ್ದರಲ್ಲಿ ಮೆದು ಕಬ್ಬಿಣ, ಇಲ್ಲವೇ ಸುಮ್ಮನೆ ಎರಕ ಹೊಯ್ದದ್ದು. ಎರಡು, ಹದದಲ್ಲಿ. ಕುಲುಮೆ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹದ ಕಮ್ಮಿಯಾದರೆ ಬಾಯಿ ಅಗಲವಾಗ್ತದೆ, ಹದ ಮೀರಿದರೆ ಗಾಜಿನಂತೆ ಸಿಡೀತದೆ. ಸರಿಯಾದ ಹದಕ್ಕೆ ಒಲೆ, ಎಣ್ಣೆ, ಹೊತ್ತು, ಬಲ್ಲ ಆಳು ಬೇಕು. ಎಲ್ಲಕ್ಕೂ ಕಾಸು. ಮೂರು, ಪರೀಕ್ಷೆಯಲ್ಲಿ. ಒಳ್ಳೆಯ ಕಾರ್ಖಾನೆಯವರು ಅಳತೆ ತಪ್ಪಿದ್ದನ್ನು ಎತ್ತಿ ಪಕ್ಕಕ್ಕೆ ಹಾಕ್ತಾರೆ. ಇಲ್ಲಿ ಅದೂ ಪೆಟ್ಟಿಗೆಗೆ ಹೋಗ್ತದೆ. ಈ ಮೂರನ್ನೂ ಮುಚ್ಚಲಿಕ್ಕೆ ಮೇಲೆ ಒಂದು ಹೊಳಪಿನ ಲೇಪ. ಹೊಳಪು ತುಕ್ಕು ತಡೆಯಲಿಕ್ಕೆ ಮಾತ್ರ, ಗಟ್ಟಿತನಕ್ಕೆ ಅದು ಸಾಕ್ಷಿಯಲ್ಲ.

ಉಕ್ಕಿನ ಹದ ಕಲಿಯುವುದೇ ಒಂದು ವಿದ್ಯೆ. ನಮ್ಮ ಬೆಂಗಳೂರಿನ ರಾಜಾಜಿನಗರದಲ್ಲಿ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಶುರುವಾದದ್ದು ಇಂಥ ವಿದ್ಯೆಗಾಗಿಯೇ. ಎಸ್.ಎಸ್.ಎಲ್.ಸಿ. ಆದ ಮಕ್ಕಳು ಅಲ್ಲಿ ಡಿಪ್ಲೊಮಾ ಸೇರಬಹುದು ಎಂಬುದನ್ನು ತಂದೆ ತಾಯಿಗಳು ನೆನಪಿಡಲಿ.

ಇಲ್ಲಿ ಒಂದು ಭೇದ ಹೇಳ್ತೀವಿ. ಕಡಿಮೆ ಬೆಲೆಯದು ಬೇರೆ, ಅಗ್ಗದ್ದು ಬೇರೆ. ನಮ್ಮ ದೇಶದಲ್ಲೇ ಜಲಂಧರ್, ಲೂಧಿಯಾನ, ರಾಜಸ್ಥಾನದ ನಾಗೌರ್ ಊರುಗಳು ಕೈ ಹತಾರಕ್ಕೆ ಹೆಸರುವಾಸಿ. ನಾಸಿಕ್ಕಿನ ತಪಾರಿಯಾ ಕಂಪನಿ 1969ರಿಂದ ಸ್ವೀಡನ್ನಿನ ತಾಂತ್ರಿಕ ಸಹಕಾರದೊಂದಿಗೆ ಹತಾರ ಮಾಡಲು ತೊಡಗಿತು. ಹೀಗೆ ನಮ್ಮಲ್ಲೇ ಆಗುವ ಒಳ್ಳೆಯ ಸಾಮಾನು, ಹೊರದೇಶದ ದೊಡ್ಡ ಹೆಸರಿನದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗ್ತದೆ. ನಾವು ಯಾವ ಕಂಪನಿಯ ಏಜೆಂಟರೂ ಅಲ್ಲ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಒಳ್ಳೇದು, ಕಡಿಮೆ ಇದ್ದ ಮಾತ್ರಕ್ಕೆ ಕೆಟ್ಟದ್ದು ಅಂತ ತಿಳಿಯಬಾರದು ಅಂತ ಹೇಳಿದ್ದು ಅಷ್ಟೆ. ಆದರೆ ಹೆಸರಿನ ನಕಲು ಮಾಲೂ ಬಹಳ ಇದೆ. ಹೆಸರುಳ್ಳ ಸಾಮಾನನ್ನು ಅರ್ಧ ಬೆಲೆಗೆ ಕೊಡ್ತೀನಿ ಅಂದರೆ ಅಲ್ಲಿಂದ ಕಾಲು ತೆಗೀರಿ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ನಮ್ಮ ಅಭಿಪ್ರಾಯದಲ್ಲಿ ಒಂದೇ ಪ್ರಶ್ನೆ: ಈ ಹತಾರ ಕೈಯಲ್ಲಿ ಮುರಿದರೆ ಏನು ಹೋಗ್ತದೆ? ಬರೀ ಹತಾರದ ದುಡ್ಡು ಹೋಗುವುದಾದರೆ ಅಗ್ಗದ್ದು ಧಾರಾಳವಾಗಿ ಕೊಳ್ಳಿ. ಕೆಲಸವೂ ಸಾಮಾನೂ ಹಾಳಾಗುವುದಾದರೆ ನಡು ಬೆಲೆಯ ಒಳ್ಳೆಯದನ್ನು ಕೊಳ್ಳಿ. ಕೈಯೋ ಕಣ್ಣೋ ಜೀವವೋ ಹೋಗುವುದಾದರೆ ಅಗ್ಗದ್ದರ ಕಡೆ ತಿರುಗಿಯೂ ನೋಡಬೇಡಿ.

ಮೊದಲನೇ ಗುಂಪು ನೋಡೋಣ. ಬಣ್ಣದ ಬ್ರಷ್ಷು, ಗಾರೆ ಕಲಸುವ ಬಾಂಡ್ಲಿ, ಕರಣೆ, ಪಟ್ಟಿ ಹಾಕುವ ಕ್ಲಾಂಪು, ಸಾಮಾನಿಡುವ ಡಬ್ಬ, ತಂತಿ ಬ್ರಷ್ಷು, ಎಣ್ಣೆ ಬಿಡುವ ಕುಪ್ಪಿ ಎಲ್ಲ ಅಗ್ಗದ್ದು ಸಾಕು. ಹ್ಯಾಕ್ಸಾ ಚೌಕಟ್ಟು ಸಹ ಅಗ್ಗದ್ದು ನಡೀತದೆ, ತಂತಿ ಎಳೆದು ಬಿಗಿಯಾಗಿ ನಿಂತರೆ ಆಯಿತು. ಕೊಯ್ಯುವುದು ಚೌಕಟ್ಟಲ್ಲ, ಬ್ಲೇಡು. ಹಾಗಾಗಿ ದುಡ್ಡು ಬ್ಲೇಡಿಗೆ ಹಾಕಿ. ಇಂಚಿಗೆ 24 ಹಲ್ಲಿನದು ಮನೆ ಕೆಲಸಕ್ಕೆ ಸರಿ, ತೆಳು ತಗಡಿಗೆ ಮತ್ತು ಸಣ್ಣ ಕೊಳವೆಗೆ 32 ಹಲ್ಲಿನದು. ಹಲ್ಲಿನ ಮೂತಿ ಮುಂದಕ್ಕೆ ಇರಬೇಕು. ಡ್ರಿಲ್ ಬಿಟ್ಟಿನ ಮಾತೂ ಇದೇ: ಒಂದು ಸಾಧಾರಣ ಡ್ರಿಲ್ಲಿಗೆ ಒಳ್ಳೆಯ ಬಿಟ್ಟು ಹಾಕಿದರೆ ಕೆಲಸ ಆಗ್ತದೆ, ಒಳ್ಳೆಯ ಡ್ರಿಲ್ಲಿಗೆ ಕೆಟ್ಟ ಬಿಟ್ಟು ಹಾಕಿದರೆ ಬರೀ ಹೊಗೆ ಬರ್ತದೆ.

ಎರಡನೇ ಗುಂಪು ಸ್ಪ್ಯಾನರು, ತಿರುಪುಳಿ, ಕಟಿಂಗ್ ಪ್ಲೇಯರು, ಉಳಿ. ಇವು ಮುರಿದರೆ ತಮ್ಮ ಜತೆಗೆ ಇನ್ನೊಂದನ್ನೂ ಕೆಡಿಸ್ತವೆ. 8 ಮಿಲಿಮೀಟರ್ ಬೋಲ್ಟಿನ ತಲೆಗೆ 13ರ ಸ್ಪ್ಯಾನರು ಬೇಕು, 6ರ ಬೋಲ್ಟಿಗೆ 10ರದು. ಆ 13ರ ಬಾಯಿ ಅರ್ಧ ಮಿಲಿಮೀಟರ್ ಸಡಿಲ ಇದ್ದರೆ ಸಾಕು, ನಾಲ್ಕು ಸಲ ಜಾರುವಷ್ಟರಲ್ಲಿ ಬೋಲ್ಟಿನ ಆರು ಮೂಲೆಯೂ ಸವೆದು ಗುಂಡಗಾಗ್ತದೆ. ಆಮೇಲೆ ಉಳಿ ಇಟ್ಟು ಹೊಡೀಬೇಕು, ಇಲ್ಲ ಮೆಕ್ಯಾನಿಕ್ಕನ್ನು ಕರೀಬೇಕು. ನೀರು ಹಾಯಿಸುವ ಹೊತ್ತಿನಲ್ಲಿ ಪಂಪಿನ ಬೋಲ್ಟು ಹೀಗಾದರೆ ಪೈರಿಗೆ ಒಂದು ಸರದಿ ನೀರು ತಪ್ತದೆ. ಸ್ಪ್ಯಾನರಿನಲ್ಲಿ ಉಳಿದ ದುಡ್ಡಿಗೆ ಹೊಲ ಬಡ್ಡಿ ಕಟ್ಟಿತು ಅಂತ ಲೆಕ್ಕ.

ಈಗ ಆ ನೂರು ಸಾಮಾನಿನ ಪೆಟ್ಟಿಗೆಗೆ ಬನ್ನಿ. ಒಂದು ಮನೆಗೆ ನೂರು ಸಾಮಾನು ಬೇಕೇ? ಎರಡು ಬದಿ ಬಾಯಿ ಇರುವ ಎಂಟು ಸ್ಪ್ಯಾನರಿನ ಕಟ್ಟು 6ರಿಂದ 22ರವರೆಗೆ ಬರ್ತದೆ. ಅದರಲ್ಲೂ ಬೈಕು, ಪಂಪು, ಸ್ಪ್ರೇಯರಿಗೆ ದಿನಾ ಕೈಗೆ ಬರುವುದು 8, 10, 12, 13, 14, 17. ಅದರ ಜತೆ ಎರಡು ಮೂರು ತಿರುಪುಳಿ, ಒಂದು ಪ್ಲೇಯರು, ಒಂದು ಸುತ್ತಿಗೆ, ಒಂದು ಹ್ಯಾಕ್ಸಾ, ಒಂದು ಅರ, ಒಂದು ಪೈಪು ರೆಂಚು, ಒಂದು ಟೇಪು. ನೂರರ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಸಣ್ಣ ಸಣ್ಣ ಬಿಟ್ಟು, ಸಾಕೆಟ್ಟು. ಎಣಿಕೆಗೆ ಉಂಟು, ಬಳಕೆಗೆ ಇಲ್ಲ. ಅಗ್ಗ ಅಂತ ಮುಗ್ಗಿದ ಜೋಳ ಕೊಂಡ ಹಾಗೆ ಆಗ್ತದೆ. ಅದೇ ದುಡ್ಡಿನಲ್ಲಿ ಒಳ್ಳೆಯ ನಾಲ್ಕೈದು ಹತಾರ ಬರ್ತವೆ, ಅವು ಮಗನ ಕಾಲಕ್ಕೂ ಇರ್ತವೆ.

ಜಯನಗರದ ಹಳೇ ಮನೆಗಳಲ್ಲಿ ಕೆಲಸ ಮಾಡಿದ ಹುಡುಗರು ಒಂದು ಮಾತು ಹೇಳ್ತಾರೆ. ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರ ಮನೆಯಲ್ಲಿ ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಹದಿನೈದು ಇಪ್ಪತ್ತು ಹತಾರ, ಪ್ರತಿಯೊಂದರ ಹಿಂದೆ ಅದರ ಆಕಾರದ ಗೆರೆ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಅದರದರ ಜಾಗಕ್ಕೆ ತೂಗುಹಾಕ್ತಾರೆ. ಬೆಂಗಳೂರು ಎಚ್.ಎಂ.ಟಿ. ಯಂತ್ರ ಮಾಡಿದ ಊರು, 1953ರಲ್ಲಿ ಜಾಲಹಳ್ಳಿಯಲ್ಲಿ ಕಾರ್ಖಾನೆ ಶುರುವಾಯಿತು. ಆಡುಗೋಡಿಯಲ್ಲಿ ಮೈಕೋ ಇತ್ತು. ಅಂಥ ಕಡೆ ದುಡಿದವರಿಗೆ ಹತಾರದ ಬೆಲೆ ಗೊತ್ತು. ಅವರ ಹಲಗೆಯಲ್ಲಿ ಸಾಮಾನು ಕಡಿಮೆ, ಆದರೆ ಒಂದೂ ದಂಡ ಅಲ್ಲ. ನಾವು ವರ್ಷಕ್ಕೊಂದು ದಿನ ಆಯುಧ ಪೂಜೆಯಲ್ಲಿ ಹತಾರಕ್ಕೆ ಕುಂಕುಮ ಇಡ್ತೀವಿ. ಉಳಿದ ದಿನ ಮಳೆಯಲ್ಲಿ ನೆನೀತಾ ಬಿದ್ದಿರ್ತದೆ. ಅಗ್ಗದ ಹತಾರವನ್ನೂ ಒರೆಸಿ ಇಟ್ಟರೆ ಬಾಳ್ತದೆ, ದುಬಾರಿಯದನ್ನು ಬಚ್ಚಲಲ್ಲಿ ಬಿಟ್ಟರೆ ಅದೂ ಹಾಳು.

ಇನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡುವ ಬಗೆ. ಹತಾರಕ್ಕೆ ನಮ್ಮವರು ಹೋಗುವುದು ಎಸ್.ಪಿ. ರಸ್ತೆ, ಕೆ.ಆರ್. ಮಾರುಕಟ್ಟೆ ಕಡೆಗೆ. ಈಗ 2021ರಿಂದ ತಲಘಟ್ಟಪುರದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಬಂದಿರೋದರಿಂದ ಅಲ್ಲಿ ಹತ್ತಿದರೆ ಮಾರುಕಟ್ಟೆಯಲ್ಲೇ ಇಳೀಬಹುದು. ಹೋಗುವಾಗ ಜೇಬಿನಲ್ಲಿ ಒಂದು 8ರ ಬೋಲ್ಟು, ಒಂದು 6ರ ಬೋಲ್ಟು ಇಟ್ಟುಕೊಂಡು ಹೋಗಿ. ಸ್ಪ್ಯಾನರನ್ನು ಅದಕ್ಕೆ ಹಾಕಿ ಅಲ್ಲಾಡಿಸಿ ನೋಡಿ, ಗಡಗಡ ಅಂದರೆ ಬೇಡ. ಪ್ಲೇಯರನ್ನು ಮುಚ್ಚಿ ಬೆಳಕಿಗೆ ಹಿಡೀರಿ, ಕೊಯ್ಯುವ ಅಂಚಿನಲ್ಲಿ ಬೆಳಕು ಕಾಣಬಾರದು. ಒಂದು ತೆಳು ಕಾಗದ ಕೊಟ್ಟರೆ ಅಂಚಿನ ಉದ್ದಕ್ಕೂ ಕತ್ತರಿಸಬೇಕು. ಕೀಲು ಪಕ್ಕಕ್ಕೆ ಅಲ್ಲಾಡಬಾರದು. ಸುತ್ತಿಗೆ ಕಾವಿನ ಎಳೆ ಉದ್ದಕ್ಕೆ ಓಡಿರಬೇಕು, ಗಂಟು ಇರಬಾರದು. ಮನೆಗೆ ತಂದ ಮೇಲೆ ಉಳಿಯ ಬಾಯಿಗೆ ಅರ ಇಟ್ಟು ನಿಧಾನವಾಗಿ ಉಜ್ಜಿ. ಅರ ಜಾರಿದರೆ ಹದ ಇದೆ, ಬೆಣ್ಣೆಯ ಹಾಗೆ ಕಚ್ಚಿದರೆ ಹದ ಇಲ್ಲ.

ಅಳೆಯುವ ಸಾಮಾನು ಅಗ್ಗದ್ದು ತರುವುದಾದರೂ ಪರೀಕ್ಷೆಗೆ ಕಾಸು ಬೇಕಿಲ್ಲ. ನೀರುಮಟ್ಟವನ್ನು ಒಂದು ಹಲಗೆಯ ಮೇಲೆ ಇಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿ, ಅದೇ ಜಾಗದಲ್ಲಿ ಮಟ್ಟವನ್ನು ತಿರುಗಿಸಿ ಬಲಗಡೆಯದು ಎಡಕ್ಕೆ ಬರುವಂತೆ ಇಡಿ. ಗುಳ್ಳೆ ಗಾಜಿನ ಗೆರೆಗಳ ನಡುವೆ ಮೊದಲಿನ ಕಡೆಗೇ ಅಷ್ಟೇ ವಾಲಿದರೆ ಹಲಗೆ ಡೊಂಕಲ್ಲ, ಮಟ್ಟವೇ ಡೊಂಕು. ನೆಟ್ಟಗಿರುವ ಮಟ್ಟವಾದರೆ ಗುಳ್ಳೆ ಸದಾ ಹಲಗೆಯ ಎತ್ತರದ ಕಡೆಗೇ ಹೋಗ್ತದೆ. ಮೂಲೆಮಟ್ಟವನ್ನು ನೇರ ಅಂಚಿಗೆ ಇಟ್ಟು ಗೆರೆ ಎಳೆದು, ಮಗುಚಿ ಅದೇ ಚುಕ್ಕೆಯಿಂದ ಇನ್ನೊಂದು ಗೆರೆ ಎಳೀರಿ. ಎರಡೂ ಒಂದಾದರೆ ಸರಿ, ಕವಲು ಹೊಡೆದರೆ ವಾಪಸು. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುವುದು ದೋಷವಲ್ಲ, ಕೊಕ್ಕೆಯ ದಪ್ಪದಷ್ಟು ಅಲ್ಲಾಡಲಿ ಅಂತಲೇ ಬಿಟ್ಟಿರ್ತಾರೆ. ಒಳಗಿನಿಂದ ಒತ್ತಿ ಅಳೆದರೂ ಹೊರಗಿನಿಂದ ಎಳೆದು ಅಳೆದರೂ ಲೆಕ್ಕ ಒಂದೇ ಬರಲಿ ಅಂತ.

ಮೂರನೇ ಗುಂಪಿನ ಮಾತು ಆಡುವಾಗ ದಯಮಾಡಿ ಎಲ್ಲರೂ ಗಮನ ಕೊಡಿ, ಮುಖ್ಯವಾಗಿ ಯುವಕರು. ಕೈಯಲ್ಲಿ ಹಿಡಿಯುವ ಗ್ರೈಂಡರು ಈಗ ಮನೆ ಮನೆಗೂ ಬಂದಿದೆ. 4 ಇಂಚಿನ ಸಾಧಾರಣ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗ್ತದೆ. ಅಂದರೆ ಅದರ ಕಲ್ಲಿನ ಅಂಚು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಓಡ್ತಿರ್ತದೆ. ಆ ವೇಗದಲ್ಲಿ ಕಲ್ಲು ಒಡೆದರೆ ತುಂಡು ಎಲ್ಲಿಗೆ ಹೋಗ್ತದೆ, ಯಾರೂ ಹೇಳಲಾರರು. ನಮ್ಮ ಊರಿನಲ್ಲೇ ಒಬ್ಬ ಹುಡುಗನಿಗೆ ಗೇಟು ಕೊಯ್ಯುವಾಗ ಕಲ್ಲು ಸಿಡಿದು ಹುಬ್ಬಿನ ಮೇಲೆ ಗಾಯವಾಯಿತು. ಇನ್ನೊಂದು ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣು ಇರ್ತಿರಲಿಲ್ಲ. ಆ ಕಲ್ಲಿನ ಮೇಲೆ ವೇಗದ ಅಂಕಿ ಇರಲಿಲ್ಲ, ತಯಾರಕರ ಹೆಸರೂ ಇರಲಿಲ್ಲ. ಗ್ರೈಂಡರಿನ ರಕ್ಷೆಯ ತಗಡನ್ನು ಕೆಲಸಕ್ಕೆ ಅಡ್ಡ ಆಗ್ತದೆ ಅಂತ ಬಿಚ್ಚಿಟ್ಟಿದ್ದರು.

ಆದ್ದರಿಂದ ಕಲ್ಲು ಕೊಳ್ಳುವಾಗ ಅದರ ಮೇಲೆ ಅಚ್ಚಾದ ಗರಿಷ್ಠ ಸುತ್ತು ನೋಡಿ. 4 ಇಂಚಿನ ಒಳ್ಳೆಯ ಕಲ್ಲಿನ ಮೇಲೆ 15,000ಕ್ಕೂ ಮೇಲೆ ಬರೆದಿರ್ತದೆ. ಅದು ನಿಮ್ಮ ಯಂತ್ರದ ಸುತ್ತಿಗಿಂತ ಹೆಚ್ಚೇ ಇರಬೇಕು. ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಅಚ್ಚಾಗಿರ್ತದೆ, ಆ ಅವಧಿ ಮೀರಿದ ಕಲ್ಲು ಬೇಡ, ಅಂಟು ಹಳೇದಾಗಿರ್ತದೆ. ನೆನೆದ ಕಲ್ಲು, ಕೆಳಗೆ ಬಿದ್ದ ಕಲ್ಲು ಬೇಡ. ಮರ ಕೊಯ್ಯುವ ಹಲ್ಲಿನ ಚಕ್ರವನ್ನು ಗ್ರೈಂಡರಿಗೆ ಹಾಕಲೇಬೇಡಿ. ರಕ್ಷೆಯ ತಗಡು ತೆಗೀಬೇಡಿ. ಕನ್ನಡಕ ಇಲ್ಲದೆ ಗುಂಡಿ ಒತ್ತಬೇಡಿ. ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕರೆ ನಮ್ಮವರು ಓಡುವುದು ಮಿಂಟೋ ಕಣ್ಣಾಸ್ಪತ್ರೆಗೆ. ಆ ಆಸ್ಪತ್ರೆ ಇರುವುದು ನಾವು ಹತಾರ ಕೊಳ್ಳಲು ಹೋಗುವ ಅದೇ ಮಾರುಕಟ್ಟೆಯ ಹತ್ತಿರ. ಅಂಗಡಿಗೆ ಹೋದ ದಿನ ಒಂದು ಕನ್ನಡಕ ಹೆಚ್ಚಿಗೆ ಕೊಂಡರೆ ಆಸ್ಪತ್ರೆಗೆ ಹೋಗುವುದು ತಪ್ಪೀತು.

ಕರೆಂಟಿನ ಸಾಮಾನಿನದೂ ಇದೇ ಮಾತು. ಲೈನ್ ಟೆಸ್ಟರಿನ ಒಳಗೆ ಕರೆಂಟನ್ನು ತಡೆದು ಅತಿ ಕಡಿಮೆ ಮಾಡುವ ಒಂದು ಚಿಕ್ಕ ರೆಸಿಸ್ಟರು ಇರ್ತದೆ. 230 ವೋಲ್ಟಿಗೂ ನಿಮ್ಮ ಬೆರಳಿಗೂ ನಡುವೆ ನಿಂತಿರುವುದು ಅದೊಂದೇ. ಹೆಸರಿಲ್ಲದ ಟೆಸ್ಟರಿನಲ್ಲಿ ಅದು ಸರಿಯಾಗಿದೆ ಅಂತ ಯಾವ ಧೈರ್ಯದ ಮೇಲೆ ಮುಟ್ತೀರಿ? ವೈರಿಂಗಿಗೆ ಹೋಗುವ ಹುಡುಗರು 1000 ವೋಲ್ಟ್ ಗುರುತು ಇರುವ ಪ್ಲೇಯರು, ತಿರುಪುಳಿಯನ್ನೇ ತಗೊಳ್ಳಬೇಕು. ಪ್ಲೇಯರಿನ ಹಿಡಿಗೆ ತೊಡಿಸಿದ ಬರೀ ಬಣ್ಣದ ಪ್ಲಾಸ್ಟಿಕ್ಕು ರಕ್ಷಣೆಯಲ್ಲ, ಅಲಂಕಾರ. ಡ್ರಿಲ್, ಗ್ರೈಂಡರಿನ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದಕ್ಕೆ ಎರಡು ಸುತ್ತಿನ ರಕ್ಷಣೆ ಇದೆ ಎಂದರ್ಥ. ಆ ಗುರುತು ಇಲ್ಲದ್ದಕ್ಕೆ ಅರ್ತ್ ಇರುವ ಮೂರು ಪಿನ್ನು ಬೇಕೇ ಬೇಕು. ಶೆಡ್ಡಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ ಎಲ್ಲಕ್ಕಿಂತ ದೊಡ್ಡ ಕಾವಲು. ಭಾರ ಎತ್ತುವ ಜಾಕಿ, ಚೈನ್ ರಾಟೆಯೂ ಇದೇ ಗುಂಪಿಗೆ ಸೇರ್ತದೆ. ಅಗ್ಗದ ಜಾಕಿಯ ಮೇಲೆ ಟ್ರಾಕ್ಟರ್ ನಿಲ್ಲಿಸಿ ಕೆಳಗೆ ಮಲಗುವ ಧೈರ್ಯ ಯಾರಿಗೂ ಬೇಡ.

ಬ್ಯಾಟರಿ ಡ್ರಿಲ್ಲಿನ ಬಗ್ಗೆ ಒಂದು ಮಾತು. ಒಂದರ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 21 ವೋಲ್ಟ್ ಅಂತ ಬರೆದಿರ್ತಾರೆ. 21 ಅಂದರೆ ಜಾಸ್ತಿ ಶಕ್ತಿ ಅಂತ ನಮ್ಮವರು ಅದನ್ನೇ ಎತ್ತಿಕೊಳ್ತಾರೆ. ಎರಡರಲ್ಲೂ ಇರುವುದು ಸಾಲಾಗಿ ಐದು ಲಿಥಿಯಂ ಸೆಲ್ಲು. ಸೆಲ್ಲು ಒಂದಕ್ಕೆ ಸಾಧಾರಣ 3.6 ವೋಲ್ಟ್ ಲೆಕ್ಕ ಹಿಡಿದರೆ 18, ಪೂರ್ತಿ ತುಂಬಿದಾಗಿನ 4.2 ಹಿಡಿದರೆ 21. ಒಂದೇ ಕೊಳಗ, ಅಳತೆ ಹೇಳುವ ಬಾಯಿ ಬೇರೆ. 48, 98 ಅಂತ ದೊಡ್ಡ ಅಂಕಿ ಬರೆದು ಮಾರುವವರೂ ಇದ್ದಾರೆ. ಅಂಕಿ ನೋಡಬೇಡಿ. ಎರಡು ವರ್ಷ ಆದ ಮೇಲೆ ಇದಕ್ಕೆ ಬ್ಯಾಟರಿ ಸಿಗ್ತದಾ, ಕಾರ್ಬನ್ ಬ್ರಷ್ಷು ಸಿಗ್ತದಾ, ಸ್ವಿಚ್ಚು ಸಿಗ್ತದಾ ಕೇಳಿ. ಬಿಡಿಭಾಗ ಸಿಗದ ಯಂತ್ರ ಹೊಸದಿದ್ದಾಗಲೇ ಗುಜರಿ.

ಬಿಲ್ಲು ತಪ್ಪದೆ ತಗೊಳ್ಳಿ. ಗುದ್ದಲಿ, ಕೊಡಲಿ, ಕುಡುಗೋಲಿನಂಥ ಕೃಷಿಯ ಕೈ ಉಪಕರಣಕ್ಕೆ ಜಿ.ಎಸ್.ಟಿ. ಇಲ್ಲ. ಸ್ಪ್ಯಾನರು, ಪ್ಲೇಯರಿಗೆ ಶೇಕಡ 18 ಇದೆ. ಆ 18 ಉಳಿಸಲಿಕ್ಕೆ ಅಂಗಡಿಯವನು ಬಿಲ್ಲಿಲ್ಲದೆ ಕೊಡ್ತೀನಿ ಅಂತಾನೆ, ನಾವೂ ಹ್ಞೂಂ ಅಂತೀವಿ. ಆಮೇಲೆ ಮುರಿದರೆ ಕೇಳುವ ಹಕ್ಕು ಎಲ್ಲಿ? ಗ್ರಾಹಕ ರಕ್ಷಣಾ ಕಾಯ್ದೆ 1986ರಲ್ಲಿ ಬಂತು, ಅದರ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದಿದೆ. 1915 ಎಂಬ ನಂಬರಿಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆದುಕೊಳ್ತಾರೆ. ಆದರೆ ಬಿಲ್ಲು ಕೈಯಲ್ಲಿರಬೇಕು. ಐ.ಎಸ್.ಐ. ಗುರುತಿನ ಕೆಳಗೆ ಸಿ.ಎಂ./ಎಲ್. ಅಂತ ಶುರುವಾಗುವ ಲೈಸೆನ್ಸ್ ನಂಬರು ಇರ್ತದೆ. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಗುರುತು ಅಸಲಿಯೋ ನಕಲಿಯೋ ಗೊತ್ತಾಗ್ತದೆ. ಮೊಬೈಲಿನಲ್ಲಿ ರೀಲು ನೋಡುವ ಹುಡುಗರು ಇದನ್ನೂ ನೋಡಲಿ.

ಇಷ್ಟು ಹೇಳಿದ ಮೇಲೆ ಒಬ್ಬರು ಎದ್ದು, ಸ್ವಾಮಿ, ಒಳ್ಳೇದು ಕೊಳ್ಳಲಿಕ್ಕೆ ದುಡ್ಡು ಇದ್ದಿದ್ದರೆ ಅಗ್ಗದ್ದು ಯಾಕೆ ಕೇಳ್ತಿದ್ದೆವು ಅನ್ನಬಹುದು. ನ್ಯಾಯವಾದ ಪ್ರಶ್ನೆ. ಕೂಲಿ ಮಾಡುವವನಿಗೆ, ಕೆಲಸ ಈಗ ಕಲಿಯುತ್ತಿರುವ ಹುಡುಗನಿಗೆ ಅಗ್ಗದ ಸಾಮಾನೇ ಗತಿ. ಹೊಸದಾಗಿ ಶುರು ಮಾಡುವವನು ಯಾವುದು ದಿನಾ ಬೇಕು, ಯಾವುದು ಬೇಡ ಎಂದು ತಿಳಿಯಲಿಕ್ಕೂ ಅಗ್ಗದ್ದೇ ಸರಿ. ಬಳಸಿ ಬಳಸಿ ಯಾವುದು ಮೊದಲು ಸವೀತದೋ ಅದು ಅವನಿಗೆ ನಿಜವಾಗಿ ಬೇಕಾದದ್ದು. ಅದನ್ನು ಎರಡನೇ ಸಲ ಒಳ್ಳೆಯದು ಕೊಳ್ಳಲಿ. ಸವೆಯದೆ ಉಳಿದದ್ದಕ್ಕೆ ಅಗ್ಗದ್ದೇ ಸಾಕಾಯಿತು. ಎಲ್ಲ ತಪ್ಪನ್ನೂ ಹತಾರದ ಮೇಲೆ ಹಾಕುವುದೂ ಸರಿಯಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೈ ಪಳಗಿದವನು ಸಾಧಾರಣ ಉಳಿಯನ್ನು ಮಸೆದು ಮಸೆದು ಚೆನ್ನಾದ ಬಾಗಿಲು ಮಾಡ್ತಾನೆ. ಆದರೆ ಎಷ್ಟು ಪಳಗಿದ ಕೈಗೂ ಸಿಡಿಯುವ ಕಲ್ಲನ್ನು ತಡೆಯಲು ಆಗುವುದಿಲ್ಲ. ಬಡವನಾದರೂ ಮೂರನೇ ಗುಂಪಿನಲ್ಲಿ ರಾಜಿ ಬೇಡ ಅಂತ ನಾವು ಹೇಳುವುದು ಅದಕ್ಕೇ. ಬಡವನ ಕಣ್ಣು ಹೋದರೆ ಅವನ ಮನೆಯೇ ಹೋಗ್ತದೆ.

ಇಲ್ಲಿಯೇ ಸಂಘದ ಕೆಲಸ ಬರುವುದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಯಾತಕ್ಕೆ? ಒಬ್ಬನ ಕೈಲಾಗದ್ದನ್ನು ಹತ್ತು ಜನ ಸೇರಿ ಮಾಡಲಿ ಅಂತ. ನಮ್ಮ ರಾಜ್ಯದಲ್ಲಿ 2014-15ರಿಂದ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರಾಕ್ಟರ್, ಟಿಲ್ಲರುಗಳನ್ನು ಬಾಡಿಗೆಗೆ ಕೊಡಲು ಶುರು ಮಾಡಿದ್ದೂ ಇದೇ ತತ್ವದ ಮೇಲೆ. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಯಂತ್ರವನ್ನು ಪ್ರತಿಯೊಬ್ಬರೂ ಅಗ್ಗದ್ದು ಕೊಂಡು ಮೂಲೆಯಲ್ಲಿ ಇಡುವ ಬದಲು, ಒಳ್ಳೆಯದು ಒಂದನ್ನು ಎಲ್ಲರೂ ಸೇರಿ ಕೊಳ್ಳಬಹುದಲ್ಲ?

ಆದ್ದರಿಂದ ನಮ್ಮ ಸೂಚನೆ ಇದು. ನೂರು ಸಾಮಾನಿನ ಪೆಟ್ಟಿಗೆಯನ್ನು ಕೈಬಿಡೋಣ. ಅದಕ್ಕೆಂದು ತೆಗೆದಿಟ್ಟ ಹಣದಲ್ಲಿ ಪ್ರತಿ ಸದಸ್ಯರಿಗೂ ಒಂದು ಒಳ್ಳೆಯ ಕಟಿಂಗ್ ಪ್ಲೇಯರು, ಒಂದು ಕಣ್ಣಿನ ಕನ್ನಡಕ ಕೊಡೋಣ. ಉಳಿದ ಹಣಕ್ಕೆ ಸಂಘದ ಗೋಡೌನಿನ ಒಂದು ಮೂಲೆಯಲ್ಲಿ ಊರ ಹತಾರದ ಕಪಾಟು ಮಾಡೋಣ. ಒಂದು ಗ್ರೈಂಡರು, ಒಂದು ಒಳ್ಳೆಯ ಡ್ರಿಲ್, ಒಂದು ದೊಡ್ಡ ಪೈಪು ರೆಂಚು, ಒಂದು ಜಾಕಿ, ಒಂದು ಚೈನ್ ರಾಟೆ, ಇಷ್ಟು ಇದ್ದರೆ ಶುರು ಮಾಡಬಹುದು.

ಊರ ಸಾಮಾನು ಯಾರ ಸಾಮಾನೂ ಅಲ್ಲ, ನಾಲ್ಕು ದಿನಕ್ಕೆ ಹಾಳಾಗ್ತದೆ ಅಂತ ಹಿರಿಯರು ಹೇಳ್ತಾರೆ. ಅವರ ಮಾತು ಸುಳ್ಳಲ್ಲ. ಅದಕ್ಕೆ ಕಟ್ಟುಪಾಡು ಬೇಕು. ರಿಜಿಸ್ಟರಿನಲ್ಲಿ ಸಹಿ ಹಾಕಿ ತಗೊಳ್ಳಬೇಕು. ಸಣ್ಣದಾದರೂ ಬಾಡಿಗೆ ಇರಬೇಕು, ಆ ಬಾಡಿಗೆಯಲ್ಲೇ ಕಲ್ಲು, ಬ್ರಷ್ಷು, ರಿಪೇರಿ ನಡೀಬೇಕು. ಕೊಡುವಾಗ, ವಾಪಸು ತಗೊಳ್ಳುವಾಗ ಇಬ್ಬರೂ ನಿಂತು ನೋಡಬೇಕು. ಗ್ರೈಂಡರಿನ ಜತೆ ಕನ್ನಡಕವನ್ನೂ ಕಡ್ಡಾಯವಾಗಿ ಕೊಡಬೇಕು, ರಕ್ಷೆಯ ತಗಡು ಬಿಚ್ಚಿ ತಂದವರಿಗೆ ಮತ್ತೆ ಕೊಡಬಾರದು. ನಿರ್ದೇಶಕರ ಮನೆಗಾದರೂ ಇದೇ ನಿಯಮ, ಸಹಿ ಇಲ್ಲದೆ ಒಂದು ಸ್ಪ್ಯಾನರೂ ಹೊರಗೆ ಹೋಗಬಾರದು. ಉಪವಿಧಿಯಲ್ಲಿ ಇದಕ್ಕೆ ಅವಕಾಶ ಇದೆಯೇ ಎಂದು ಕಾರ್ಯದರ್ಶಿಗಳು ನೋಡಿ ಹೇಳಬೇಕು, ಇಲ್ಲದಿದ್ದರೆ ತಿದ್ದುಪಡಿ ತಂದು ಸರ್ವಸದಸ್ಯರ ಸಭೆಯ ಮುಂದೆ ಇಡಬೇಕು.

ಪೆಟ್ಟಿಗೆ ಕೊಟ್ಟರೆ ಸಮಾರಂಭದ ದಿನ ಕೈ ತುಂಬ ಕಾಣ್ತದೆ, ಫೋಟೋ ಚೆನ್ನಾಗಿ ಬರ್ತದೆ. ಕಪಾಟು ಮಾಡಿದರೆ ಆ ದಿನ ಕೈಗೆ ಬರುವುದು ಸ್ವಲ್ಪವೇ. ಆದರೆ ಒಂದು ರಾತ್ರಿ ಯಾರದೋ ಪಂಪು ನಿಂತಾಗ, ಯಾರ ಮನೆಯದೋ ಮೋಟಾರನ್ನು ಬಾವಿಯಿಂದ ಎತ್ತಬೇಕಾದಾಗ ಅದರ ಬೆಲೆ ಗೊತ್ತಾಗ್ತದೆ. ಇದು ನಮ್ಮ ಅಭಿಪ್ರಾಯ. ತೀರ್ಮಾನ ಸದಸ್ಯರದು. ಬೇರೆ ಅಭಿಪ್ರಾಯ ಇರುವವರು ಎದ್ದು ಹೇಳಲಿ, ಕೇಳಿ ತಿದ್ದಿಕೊಳ್ಳೋಣ.